ಪಣಂಬೂರಿನ ಅಲೆ ರೆಕಾರ್ಡ್ ಮಾಡಿದರೆ ಆಂಬಿಯೆಂಟ್ ಆಗುತ್ತದಾ?

ಪ್ರಶ್ನೆ: ಬಯೋಸ್ಫಿಯರ್ ಸಂಗೀತ ಕೇಳಿದೆ. ಹಿಮದ ಊರಿನವರು, ಅಲ್ಲಿನ ಗಾಳಿ ಸದ್ದು ಹಿಡಿದು ಹಾಕಿದ್ದಾರೆ, ಅಷ್ಟೇ ಅಲ್ವಾ? ಹಾಗಾದ್ರೆ ನಾನು ಪಣಂಬೂರಿನ ಅಲೆ ರೆಕಾರ್ಡ್ ಮಾಡಿದ್ರೂ ಆಂಬಿಯೆಂಟ್ ಆಗ್ಬೇಕಲ್ಲ?

ಉತ್ತರ: ಆಗುವುದಿಲ್ಲ ಮಾರಾಯ್ರೇ. ಆಂಬಿಯೆಂಟ್ ಅಂದರೆ ತಾಳ, ರಾಗಕ್ಕಿಂತ ಸದ್ದಿನ ವಾತಾವರಣಕ್ಕೆ ಒತ್ತು ಕೊಡುವ ಸಂಗೀತ, ಬರೀ ರೆಕಾರ್ಡಿಂಗ್ ಅಲ್ಲ. ಸುರತ್ಕಲ್‌ನವರೂ ಇದನ್ನೇ ಕೇಳುತ್ತಾರೆ, ಮಣಿಪಾಲದವರೂ ಇದನ್ನೇ ಕೇಳುತ್ತಾರೆ. ಮಳೆಗಾಲ ಶುರುವಾದರೆ ಇನ್ನೂ ಜಾಸ್ತಿ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಬಯೋಸ್ಫಿಯರ್ ಎಂಬ ಹೆಸರಿನಲ್ಲಿ ಸಂಗೀತ ಮಾಡುವವರು ಗೈರ್ ಯೆನ್ಸೆನ್. 1962ರಲ್ಲಿ ನಾರ್ವೆಯ ಟ್ರೋಮ್ಸೊದಲ್ಲಿ ಹುಟ್ಟಿದವರು. ಆರ್ಕ್ಟಿಕ್ ವೃತ್ತ ದಾಟಿ ಇನ್ನೂ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ ಹೋದರೆ ಸಿಗುವ ಊರು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಇಷ್ಟು ಹೇಳಿದ ಕೂಡಲೇ ಎಲ್ಲರೂ ‘ಓ, ಅದಕ್ಕೇ ಅಂಥ ಸಂಗೀತ’ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಹಾಗಾದರೆ 1991ರ ‘ಮೈಕ್ರೋಗ್ರಾವಿಟಿ’, 1994ರ ‘ಪಟಾಶ್ನಿಕ್’ ಎಂಬ ಅವರ ಆಲ್ಬಂಗಳನ್ನು ಕೇಳಿ ನೋಡಿ. ಎರಡರಲ್ಲೂ ಟೆಕ್ನೋ ತಾಳ, ಅಂದರೆ ಕುಣಿಸುವ ಎಲೆಕ್ಟ್ರಾನಿಕ್ ಸಂಗೀತದ ತಾಳ, ಇದೆ. ಪಟಾಶ್ನಿಕ್‌ನ ಒಂದು ತುಣುಕು ಲೀವೈಸ್ ಜೀನ್ಸಿನ ಜಾಹೀರಾತಿಗೂ ಹೋಯಿತು. ಆಗಲೂ ಅದೇ ಕತ್ತಲೆ, ಅದೇ ಹಿಮ. 1997ರ ‘ಸಬ್‌ಸ್ಟ್ರಾಟಾ’ಕ್ಕೆ ಬರುವಾಗ ಆ ತಾಳ ಹೋಗಿದೆ. ಊರು ಹಾಗೇ ಇತ್ತು. ತಾಳ ಬೇಡ ಅಂತ ತೆಗೆದವರು ಯೆನ್ಸೆನ್.

ಇನ್ನು ‘ಗಾಳಿ ಸದ್ದು ಹಿಡಿದು ಹಾಕಿದ್ದು’ ಎಂಬ ಮಾತು. ಸಬ್‌ಸ್ಟ್ರಾಟಾದ ‘ಹೈಪರ್‌ಬೋರಿಯಾ’ದಲ್ಲಿ ಒಬ್ಬರು ಮಾತಾಡುತ್ತಾರಲ್ಲ, ಆ ದನಿ ‘ಟ್ವಿನ್ ಪೀಕ್ಸ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯದು. 2002ರ ‘ಶೆನ್‌ಝೌ’ದಲ್ಲಿ ಫ್ರಾನ್ಸಿನ ಸಂಗೀತ ರಚನಕಾರ ಡೆಬುಸಿಯ ವಾದ್ಯವೃಂದದ ತುಣುಕುಗಳನ್ನು ಸುತ್ತಿ ಸುತ್ತಿ ಬಳಸಿದ್ದಾರೆ. ಹೈಯರ್ ಇಂಟೆಲಿಜೆನ್ಸ್ ಏಜೆನ್ಸಿ ಎಂಬ ಹೆಸರಿನ ಇನ್ನೊಬ್ಬ ಸಂಗೀತಗಾರರ ಜೊತೆ ಮಾಡಿದ 1996ರ ‘ಪೋಲಾರ್ ಸೀಕ್ವೆನ್ಸಸ್’ನಲ್ಲಿ ಹಿಮ, ಮಂಜುಗಡ್ಡೆಯ ಸದ್ದು ಇದೆ, ಒಪ್ಪುತ್ತೇನೆ. ಟ್ರೋಮ್ಸೊದ ಗುಡ್ಡ ಹತ್ತುವ ಕೇಬಲ್ ಕಾರಿನ ಯಂತ್ರದ ಸದ್ದೂ ಅದರಲ್ಲೇ ಇದೆ.

2001ರಲ್ಲಿ ಅವರು ಹಿಮಾಲಯದ, 8,201 ಮೀಟರ್ ಎತ್ತರದ ಚೋ ಓಯು ಶಿಖರವನ್ನು ಆಕ್ಸಿಜನ್ ಸಿಲಿಂಡರ್ ಇಲ್ಲದೆ ಹತ್ತಿದರು. ಆಗ ಮಾಡಿದ ರೆಕಾರ್ಡಿಂಗ್ 2006ರಲ್ಲಿ ಆಲ್ಬಂ ಆಗಿ ಬಂತು. ಇದು ಪೂರ್ತಿ ಹೊರಗಿನ ಸದ್ದೇ. ಆದರೆ ಏನೇನು ಆರಿಸಿದ್ದಾರೆ ನೋಡಿ. ಯಾಕ್‌ಗಳ ಸಾಲು ಬರುತ್ತದೆ. ನಂಗ್ಪಾ ಲಾ ಎಂಬ ಬೆಟ್ಟದ ಕಣಿವೆದಾರಿಯಲ್ಲಿ ಹಕ್ಕಿಗಳು ಬಿಸ್ಕೆಟ್ ತಿನ್ನುತ್ತವೆ. ಎರಡನೇ ಕ್ಯಾಂಪಿನಲ್ಲಿ ರೇಡಿಯೋ ಹಾಡುತ್ತದೆ. ಮೂರನೇ ಕ್ಯಾಂಪಿನಲ್ಲಿ ಪಕ್ಕದವರು ಸಿಲಿಂಡರಿನಿಂದ ಉಸಿರಾಡುತ್ತಿದ್ದಾರೆ. ಅಷ್ಟು ಎತ್ತರದಲ್ಲಿ, ಅಂಥ ಸುಸ್ತಿನಲ್ಲಿ, ಬಿಸ್ಕೆಟ್ ಕುಕ್ಕುವ ಹಕ್ಕಿಗೆ ಕಿವಿ ಕೊಟ್ಟಿದ್ದಾರೆ. ನನಗೆ ಈ ಮನುಷ್ಯನ ಮೇಲೆ ಗೌರವ ಇರುವುದು ಇದಕ್ಕೇ. ಮಾರ್ಕೆಟಿನಿಂದ ಬಂಗುಡೆ ತಂದ ಮಾತ್ರಕ್ಕೆ ಪುಳಿಮುಂಚಿ ಆಗುವುದಿಲ್ಲ, ಅಲ್ವಾ?

ಹಾಗಂತ ಊರಿನ ಪಾತ್ರವೇ ಇಲ್ಲ ಅಂತಲ್ಲ. ಹೊಸದಾಗಿ ಬಿದ್ದ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಅಂಥ ಕಡೆ ಬೆಳೆದವರಿಗೆ ಒಂದು ಸಣ್ಣ ಸದ್ದೂ ಬಿಡಿಬಿಡಿಯಾಗಿ ಕೇಳುತ್ತದೆ. ಸಬ್‌ಸ್ಟ್ರಾಟಾದಲ್ಲಿ ಸದ್ದುಗಳ ನಡುವೆ ಅಷ್ಟು ಜಾಗ ಬಿಟ್ಟಿರುವುದರಲ್ಲಿ ನನಗೆ ಟ್ರೋಮ್ಸೊ ಕಾಣುತ್ತದೆ.

ನೀವು ಕೇಳಲಿಲ್ಲ, ಆದರೂ ಫೋನಿನ ವಿಷಯ ಹೇಳಲೇಬೇಕು. ಫೋನಿನ ರೆಕಾರ್ಡರ್ ಇರುವುದು ಮಾತಿಗೆ. ಒಂದೇ ಸಮನೆ ಬರುವ ಕಡಲ ಮೊರೆತ ಅದರ ಲೆಕ್ಕದಲ್ಲಿ ಗಲಾಟೆ, ಹಾಗಾಗಿ ಅಮುಕಿಬಿಡುತ್ತದೆ. ಸೆಟ್ಟಿಂಗಿನಲ್ಲಿ ಶಬ್ದ ತಗ್ಗಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಪಣಂಬೂರೇ ಆಗಬೇಕೆಂದೇನೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ, ಇಂಜಿನ್ ಸದ್ದು ಇರುವುದಿಲ್ಲ. ಹಗ್ಗ ಬಿಗಿಯುವುದು, ಬದಿಗೆ ಕಟ್ಟಿದ ಹಳೇ ಟಯರ್ ಉಜ್ಜುವುದು ಚೆನ್ನಾಗಿ ಕೇಳುತ್ತದೆ. ಅಲ್ಲಿನವರನ್ನು ಕೇಳಿಕೊಂಡು ಒಂದು ಗಂಟೆ ರೆಕಾರ್ಡ್ ಮಾಡಿ. ಆಮೇಲೆ ಅದರಲ್ಲಿ ಎರಡೇ ನಿಮಿಷ ಆರಿಸಿ, ಯಾಕೆ ಆರಿಸಿದಿರಿ ಅಂತ ಬರೆದು ನನಗೆ ಕಳಿಸಿ. ಇಡೀ ಫೈಲ್ ಬೇಡ.