ಡಿಸಾರ್ಪ್ಶನ್: ಕಲ್ಲಿದ್ದಲಿನಿಂದ ಗ್ಯಾಸ್ ಬಿಡಿಸುವ ಮೈಕ್ರೋವೇವ್

ಕಲ್ಲಿದ್ದಲಿನ ಬಿರುಕುಗಳಲ್ಲಿ ಮೀಥೇನ್ ಗ್ಯಾಸ್ ಸುಮ್ನೆ ತುಂಬಿಕೊಂಡಿರುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಹಾಗೆ ಬಿಡಿಯಾಗಿರುವುದು ಸ್ವಲ್ಪವೇ. ಬಹುಪಾಲು ಗ್ಯಾಸ್ ಅತಿ ಸಣ್ಣ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಇವುಗಳಲ್ಲಿ ಎಷ್ಟೋ ರಂಧ್ರಗಳು 2 ನ್ಯಾನೋಮೀಟರಿಗಿಂತ ಕಿರಿದು. ಅಂಟಿಕೊಳ್ಳುವುದು ಅಡ್ಸಾರ್ಪ್ಶನ್, ಅಂಟು ಬಿಡುವುದು ಡಿಸಾರ್ಪ್ಶನ್.

ಇದನ್ನು ಕಣ್ಣಾರೆ ನೋಡಬಹುದು. ನೆಲದಾಳದಿಂದ ಆಗಷ್ಟೇ ತೆಗೆದ ತುಂಡನ್ನು ಗಾಳಿಯಾಡದ ಡಬ್ಬಿಯಲ್ಲಿಡುತ್ತಾರೆ. ಅದರ ನಳಿಕೆಯನ್ನು ನೀರು ತುಂಬಿ ಬೋರಲು ಹಾಕಿದ ಅಳತೆ ಜಾಡಿಯೊಳಗೆ ಬಿಡುತ್ತಾರೆ. ಗುಳ್ಳೆ ಏಳುತ್ತವೆ, ಜಾಡಿಯ ನೀರು ಇಳಿಯುತ್ತದೆ. ಮೊದಮೊದಲು ಜೋರು, ಆಮೇಲೆ ವಾರಗಟ್ಟಲೆ ನಿಧಾನ. ನೆಲದಡಿಯ ಒತ್ತಡ ತಪ್ಪಿತಲ್ಲ, ಅದಕ್ಕೇ ಗ್ಯಾಸ್ ಬಿಟ್ಟುಕೊಳ್ಳುತ್ತದೆ. ಕಾವು ಏರಿಸಿದರೆ ಇನ್ನೂ ಬೇಗ.

ಮೈಕ್ರೋವೇವ್ ಅಂದರೆ ಒಂದು ಬಗೆಯ ವಿದ್ಯುತ್ಕಾಂತ ಅಲೆ. ಅದನ್ನು ಹಾಯಿಸಿದರೂ ಡಿಸಾರ್ಪ್ಶನ್ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡಿದೆ. ಹಾಗಂತ ವಿದ್ಯುತ್ಕಾಂತ ಕ್ಷೇತ್ರ ಮೀಥೇನನ್ನೇ ಹಿಡಿದೆಳೆಯುತ್ತದೆ ಅಂದುಕೊಳ್ಳಬೇಡಿ. ಮೀಥೇನ್ ಅಣುವಿನಲ್ಲಿ ಧನ, ಋಣ ಎಂಬ ಎರಡು ತುದಿಗಳಿಲ್ಲ. ಮೈಕ್ರೋವೇವ್ ಬಂದರೂ ಅದು ಕ್ಯಾರೇ ಅನ್ನುವುದಿಲ್ಲ. ಕುಣಿಯುವುದು ಕಲ್ಲಿದ್ದಲಿನೊಳಗಿನ ನೀರು. 2450 ಮೆಗಾಹರ್ಟ್ಸ್‌ನ ಅಲೆಯಲ್ಲಿ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಸಲ ಅತ್ತಿಂದಿತ್ತ ಹೊಯ್ದಾಡುತ್ತದೆ. ನೀರಿನ ಅಣು ಅದರ ಹಿಂದೆ ತಿರುಗಲು ಹೋಗಿ ಅಕ್ಕಪಕ್ಕದವಕ್ಕೆ ತಾಗಿ ಬಿಸಿಯಾಗುತ್ತದೆ. ಪೈರೈಟ್‌ನಂಥ ಖನಿಜವೂ ಬೇಗ ಕಾಯುತ್ತದೆ. ಸುತ್ತಲಿನ ಕಲ್ಲಿದ್ದಲು ಅಷ್ಟು ಬೇಗ ಕಾಯುವುದಿಲ್ಲ. ಒಂದು ಕಡೆ ಹಿಗ್ಗು, ಪಕ್ಕದಲ್ಲಿ ಇಲ್ಲ. ಜೊತೆಗೆ ಆವಿಯ ಒತ್ತಡ. ಹೀಗೆ ಹೊಸ ಬಿರುಕು ಬಿಡುತ್ತವೆ. ಕಾವಿಗೆ ಅಂಟು ಸಡಿಲ, ಬಿರುಕಿನಿಂದ ಹೊರಗೆ ದಾರಿ.

ಇಲ್ಲೊಂದು ತೊಡಕಿದೆ. ನೀರು ಒಣಗಿದರೆ ಮುಚ್ಚಿದ್ದ ದಾರಿ ತೆರೆಯುತ್ತದೆ, ನಿಜ. ಆದರೆ ರಂಧ್ರದ ಗೋಡೆಯಲ್ಲಿ ನೀರು ಹಿಡಿದಿದ್ದ ಜಾಗವೂ ಖಾಲಿಯಾಗುತ್ತದೆ. ತಣ್ಣಗಾದ ಮೇಲೆ ಒಣ ಕಲ್ಲಿದ್ದಲು ಒದ್ದೆಯದಕ್ಕಿಂತ ಜಾಸ್ತಿ ಮೀಥೇನ್ ಹಿಡಿದಿಟ್ಟುಕೊಳ್ಳಬಲ್ಲದು.

ಬಿಸಿಯಿಲ್ಲದೆಯೂ ಕ್ಷೇತ್ರ ಕೆಲಸ ಮಾಡುತ್ತದೆ ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಪ್ರಯೋಗದಲ್ಲಿ ತಾಪಮಾನವನ್ನು ಬಿಗಿಯಾಗಿ ಒಂದೇ ಮಟ್ಟದಲ್ಲಿ ಇಡದಿದ್ದರೆ ಆ ಮಾತಿಗೆ ನನ್ನ ಮಟ್ಟಿಗೆ ತೂಕವಿಲ್ಲ.

ಇಷ್ಟೆಲ್ಲ ಯಾಕೆ? ಗಾಳಿಯಲ್ಲಿ ಮೀಥೇನ್ ಸುಮಾರು 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು, ಗಣಿ ಸಿಡಿಯುತ್ತದೆ. ಅಗೆಯುವ ಮೊದಲೇ ಗ್ಯಾಸ್ ತೆಗೆದರೆ ಅಪಾಯ ಕಮ್ಮಿ, ತೆಗೆದದ್ದು ಇಂಧನವೂ ಆಗುತ್ತದೆ. ಲ್ಯಾಬಿನ ತುಂಡಿನಲ್ಲಿ ಇದು ಸುಲಭ. ನೆಲದಡಿಯ ಪದರದಲ್ಲಿ ಹಾಗಲ್ಲ. ಅಲೆಯನ್ನು ಹೀರಿ ಬಿಸಿಯಾಗುವ ಅದೇ ನೀರು ಅಲೆಯನ್ನು ದೂರ ಹೋಗಲೂ ಬಿಡುವುದಿಲ್ಲ.