ಸಂಪು ದೊಡ್ಡದು ಮಾಡಿದರೆ ನಳದ ನೀರು ಹೆಚ್ಚಾಗುವುದಿಲ್ಲ

ನನ್ನ ಉಪಗ್ರಹ ವಿನ್ಯಾಸದ ಕ್ಲಾಸಿನ ಪ್ರತಿ ಬ್ಯಾಚಿನಲ್ಲೂ ನಾಲ್ಕನೇ ವಾರದ ಹೊತ್ತಿಗೆ, ಉಪಗ್ರಹಕ್ಕೆ ಕರೆಂಟು ಸಾಲದೆ ಬಂದಾಗ, ಈ ಮಾತು ಬಂದೇ ಬರುತ್ತದೆ. "ಮೇಡಂ, ಬ್ಯಾಟರಿ ದೊಡ್ಡದು ಹಾಕಿಬಿಡೂಣಲ್ರೀ." ಒಬ್ಬರು ಹೇಳಿದ ಕೂಡಲೇ ಉಳಿದವರೂ ಹೌದು ಹೌದು ಅನ್ನುತ್ತಾರೆ. ಈ ಒಂದು ಮಾತನ್ನು ಬಿಡಿಸಲು ನನಗೆ ಎರಡು ಕ್ಲಾಸು ಬೇಕಾಗುತ್ತದೆ. ಅದಕ್ಕೇ ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನಾನು ಶನಿವಾರ, ರವಿವಾರ ರಾತ್ರಿ ಎಂಟರಿಂದ ಹತ್ತರವರೆಗೆ ಧಾರವಾಡದ ಮನೆಯಿಂದ ಆನ್‌ಲೈನ್‌ನಲ್ಲಿ ಉಪಗ್ರಹ ವಿನ್ಯಾಸ ಕಲಿಸುತ್ತೇನೆ. ಕಲಿಯುವವರೆಲ್ಲ ಕೆಲಸದಲ್ಲಿ ಇರುವವರೇ. ತಾರಿಹಾಳದ ಫ್ಯಾಕ್ಟರಿಯಲ್ಲಿ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಕಂಪ್ಯೂಟರು, ನೋಡಿಕೊಳ್ಳುವವರು, ಗೋಕುಲ ರೋಡಿನಲ್ಲಿ ಸಿಎನ್‌ಸಿ ಮಷಿನ್ ನಡೆಸುವವರು, ವಿದ್ಯಾನಗರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಸಾಫ್ಟ್‌ವೇರ್ ಬರೆಯುವವರು, ಹಾವೇರಿ ಕಡೆಯ ಒಬ್ಬ ಪಾಲಿಟೆಕ್ನಿಕ್ ಉಪನ್ಯಾಸಕಿ. 2020ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದ ಮೇಲೆ ಇಂಥವರ ಆಸಕ್ತಿ ಜಾಸ್ತಿ ಆಗಿದೆ. ಹಗಲೆಲ್ಲ ದುಡಿದು ಬಂದು, ಊಟ ಮುಗಿಸಿ, ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿ ಕ್ಯಾಮೆರಾ ಮುಂದೆ ಕೂರುತ್ತಾರೆ. ಅವರನ್ನು ಕಂಡರೆ ನನಗೆ ಬಹಳ ಅಕ್ಕರೆ. ಆದರೂ ಬ್ಯಾಟರಿ ಮಾತು ಬಂದ ಕೂಡಲೇ ತಾಳ್ಮೆ ಕೆಡುತ್ತದೆ. ಸುಳ್ಳು ಯಾಕೆ ಹೇಳಲಿ?

ಲೆಕ್ಕ ನೋಡೋಣ. ಕ್ಲಾಸಿನಲ್ಲಿ ನಾನು ಕೊಡುವ ಉದಾಹರಣೆ 3ಯು ಕ್ಯೂಬ್‌ಸ್ಯಾಟ್ ಅನ್ನುವ ಪುಟ್ಟ ಉಪಗ್ರಹ. ಹತ್ತು ಸೆಂಟಿಮೀಟರಿನ ಮೂರು ಡಬ್ಬಿ ಒಂದರ ಮೇಲೊಂದು ಇಟ್ಟಷ್ಟು ದೊಡ್ಡದು. 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 95 ನಿಮಿಷ. ಅದರಲ್ಲಿ ಹೆಚ್ಚೆಂದರೆ 36 ನಿಮಿಷ ಭೂಮಿಯ ನೆರಳಲ್ಲಿ ಇರುತ್ತದೆ, ಉಳಿದ 59 ನಿಮಿಷ ಬಿಸಿಲು. ದಿನಕ್ಕೆ ಹದಿನೈದು ಸುತ್ತು. ಅಂದರೆ ನಮ್ಮ ಒಂದು ದಿನದಲ್ಲಿ ಅದಕ್ಕೆ ಹದಿನೈದು ಹಗಲು, ಹದಿನೈದು ರಾತ್ರಿ.

ಖರ್ಚು ಹೀಗಿದೆ. ಕಂಪ್ಯೂಟರು, ರಿಸೀವರು ಎಲ್ಲ ಸೇರಿ ಸದಾ 3 ವ್ಯಾಟ್. ಕ್ಯಾಮೆರಾ 5 ವ್ಯಾಟ್, ಸುತ್ತಿಗೆ ಹತ್ತು ನಿಮಿಷ. ಟ್ರಾನ್ಸ್‌ಮಿಟರ್ 8 ವ್ಯಾಟ್, ಸುತ್ತಿಗೆ ಎಂಟು ನಿಮಿಷ. ಎಲ್ಲ ಕೂಡಿಸಿದರೆ ಒಂದು ಸುತ್ತಿಗೆ 6.65 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ತಾಸು ನಡೆದರೆ ಒಂದು ವ್ಯಾಟ್-ಅವರ್). ಮೈಮೇಲಿನ ಸೋಲಾರ್ ಪ್ಯಾನೆಲ್ 12 ವ್ಯಾಟಿನದು, ಬ್ಯಾಟರಿ 20 ವ್ಯಾಟ್-ಅವರ್.

ಎಲ್ಲರೂ ಮೊದಲು ಬರೆಯುವ ಉತ್ತರ ಒಂದೇ. "ಹನ್ನೆರಡು ವ್ಯಾಟ್ ಬರತದ, ಮೂರೂ ಐದೂ ಎಂಟು ಖರ್ಚು, ನಾಲ್ಕು ಉಳೀತದ." ಇಲ್ಲ. ಟ್ರಾನ್ಸ್‌ಮಿಟರ್ ಬಿಟ್ಟೇ ಹೋಯಿತು, ಅದು ಇರಲಿ. ಡೇಟಾಶೀಟಿನ, ಅಂದರೆ ಪ್ಯಾನೆಲ್ ಜೊತೆ ಬರುವ ಮಾಹಿತಿ ಹಾಳೆಯ, 12 ವ್ಯಾಟ್ ಅಂದರೆ ಬಿಸಿಲು ಪ್ಯಾನೆಲ್‌ಗೆ ನೇರವಾಗಿ ಬಿದ್ದಾಗ ಸಿಗುವುದು. ಉಪಗ್ರಹ ಕ್ಯಾಮೆರಾವನ್ನು ಭೂಮಿ ಕಡೆ ಹಿಡಿದುಕೊಂಡು ಹೋಗುತ್ತಿರುವಾಗ ಬಿಸಿಲು ಓರೆಯಾಗಿ ಬೀಳುತ್ತದೆ. ಬಿಸಿಲಿನ ಹೊತ್ತಿನ ಸರಾಸರಿ ನಮ್ಮ ಉದಾಹರಣೆಯಲ್ಲಿ 6.5 ವ್ಯಾಟ್. ಅದೂ 59 ನಿಮಿಷ ಮಾತ್ರ. 6.4 ವ್ಯಾಟ್-ಅವರ್ ಆಯಿತು. ಬ್ಯಾಟರಿಗೆ ತುಂಬುವಾಗ, ತೆಗೆಯುವಾಗ, ವೋಲ್ಟೇಜ್ ಬದಲಿಸುವಾಗ ಒಂದಿಷ್ಟು ಸೋರುತ್ತದೆ. ಅದಕ್ಕೆ ಶೇಕಡಾ 15 ಕಳೆಯಿರಿ. ಕೈಗೆ ಬರುವುದು 5.4. ಖರ್ಚು 6.65. ಪ್ರತಿ ಸುತ್ತಿಗೆ ಒಂದೂಕಾಲು ವ್ಯಾಟ್-ಅವರ್ ಕಡಿಮೆ ಬೀಳುತ್ತದೆ. ಹದಿನೈದು ಸುತ್ತಿಗೆ ಹತ್ತೊಂಬತ್ತರ ಹತ್ತಿರ. ತುಂಬಿದ ಬ್ಯಾಟರಿ ಒಂದೇ ದಿನದಲ್ಲಿ ಬರಿದಾಯಿತು.

ಆಗಲೇ ಆ ಮಾತು ಬರುವುದು. ಬ್ಯಾಟರಿ ದೊಡ್ಡದು ಹಾಕಿಬಿಡೂಣಲ್ರೀ.

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ನಾನು ಹೇಳಿಕೊಡಬೇಕಾ? ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಬೆಳೆದವಳು ನಾನು. ನಳ ಬಂತು ಅಂದರೆ ನಡುರಾತ್ರಿ ಆದರೂ ಮನೆ ಮಂದಿಯೆಲ್ಲ ಎದ್ದು ಕೊಡ, ಬಕೆಟ್ಟು, ಬ್ಯಾರಲ್ಲು ತುಂಬುತ್ತಿದ್ದೆವು. ಒಂದು ವರ್ಷ ಅಪ್ಪ ಅಂಗಳ ಅಗೆಸಿ ದೊಡ್ಡ ಸಂಪು ಕಟ್ಟಿಸಿದರು. ಇನ್ನು ನೀರಿನ ಚಿಂತೆ ಇಲ್ಲ ಅಂದುಕೊಂಡೆವು. ಮೊದಲ ಸಲ ಸಂಪು ತುಂಬಿಸಿದ್ದು ಟ್ಯಾಂಕರ್ ನೀರಿನಿಂದ, ಹಾಗಾಗಿ ಎರಡು ವಾರ ಹಬ್ಬ. ಆಮೇಲೆ ಮತ್ತೆ ಅದೇ ಕಥೆ. ನಳ ಬರುತ್ತಿದ್ದದ್ದು ಅದೇ ಎರಡು ತಾಸು, ಅದೇ ಸಣ್ಣ ಧಾರೆ. ಮನೆಯಲ್ಲಿ ಬಳಸುತ್ತಿದ್ದದ್ದು ಅದಕ್ಕಿಂತ ಜಾಸ್ತಿ. ಸಂಪಿನ ಗೋಡೆಗೆ ಅವ್ವ ಇದ್ದಿಲಿನಿಂದ ಗೆರೆ ಹಾಕಿದ್ದರು. ಪ್ರತಿ ಸಲ ನಳ ನಿಂತ ಮೇಲೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಗೆರೆ ಒಂದೊಂದು ಗೇಣು ಕೆಳಗೆ ಹೋಗುತ್ತಿತ್ತು. ನೀರು ಎಲ್ಲಿ ಹೋಯಿತು ಅಂತ ಅವ್ವ ಯಾರನ್ನೂ ಕೇಳಲಿಲ್ಲ. ಬಚ್ಚಲಿನ ದೊಡ್ಡ ತಂಬಿಗೆ ತೆಗೆದು ಸಣ್ಣದು ಇಟ್ಟರು, ಅಷ್ಟೇ.

ಬ್ಯಾಟರಿ ಅಂದರೆ ಸಂಪು. ಪ್ಯಾನೆಲ್ ಅಂದರೆ ನಳ. ಇನ್ನೊಮ್ಮೆ ಹೇಳುತ್ತೇನೆ, ಬೇಜಾರಾದರೂ ಕೇಳಿ. ಸುತ್ತಿನ ಲೆಕ್ಕ ಮೈನಸ್ ಇದ್ದರೆ ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಉಪಗ್ರಹ ಸಾಯುತ್ತದೆ. 20 ಇದ್ದರೆ ಒಂದು ದಿನಕ್ಕೆ, 40 ಇದ್ದರೆ ಎರಡು ದಿನಕ್ಕೆ. ಬ್ಯಾಟರಿಯ ಅಳತೆ ನಿರ್ಧಾರ ಆಗುವುದು ನೆರಳಿನ 36 ನಿಮಿಷದ ಖರ್ಚಿನಿಂದ. ಪ್ಯಾನೆಲ್‌ನ ಅಳತೆ ನಿರ್ಧಾರ ಆಗುವುದು ಇಡೀ 95 ನಿಮಿಷದ ಖರ್ಚಿನಿಂದ. ಇವು ಎರಡು ಬೇರೆ ಪ್ರಶ್ನೆ. ಒಂದರ ಉತ್ತರ ಇನ್ನೊಂದಕ್ಕೆ ಹಚ್ಚಬೇಡಿ.

ಅಷ್ಟೇ ಅಲ್ಲ, ದೊಡ್ಡ ಬ್ಯಾಟರಿ ಲೆಕ್ಕವನ್ನು ಇನ್ನೂ ಕೆಡಿಸಬಹುದು. ಲಿಥಿಯಂ-ಅಯಾನ್ ಸೆಲ್ ಸೊನ್ನೆ ಡಿಗ್ರಿಗಿಂತ ತಣ್ಣಗಾದಾಗ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಅದಕ್ಕೆ ನೆರಳಿನಲ್ಲಿ ಹೀಟರ್ ಹಚ್ಚಿ ಬೆಚ್ಚಗೆ ಇಡಬೇಕು. ಹೀಟರ್‌ಗೆ ಕರೆಂಟು ಕೊಡುವುದು ಯಾರು? ಅದೇ ಬ್ಯಾಟರಿ. ಸೆಲ್ ಎರಡರಷ್ಟಾದರೆ ಬೆಚ್ಚಗೆ ಇಡುವ ಖರ್ಚೂ ಏರುತ್ತದೆ, ತೂಕವೂ ಏರುತ್ತದೆ.

ಹಾಗಂತ ಬ್ಯಾಟರಿ ಸಣ್ಣದಿದ್ದರೆ ಸಾಕು ಅಂತಲೂ ಅಲ್ಲ. ದಿನಕ್ಕೆ ಹದಿನೈದು ಸಲ ಅಂದರೆ ವರ್ಷಕ್ಕೆ ಐದು ಸಾವಿರದ ಮೇಲೆ ಅದು ಇಳಿದು ತುಂಬುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಗೆ ಇಂಥ ಕೆಲಸ ಇಲ್ಲ. ಅದಕ್ಕೇ ಇಂಥ ಕೆಳಗಿನ ಕಕ್ಷೆಯಲ್ಲಿ ಪ್ರತಿ ನೆರಳಿಗೆ ಶೇಕಡಾ 20-30ಕ್ಕಿಂತ ಹೆಚ್ಚು ಇಳಿಸದಂತೆ ನೋಡಿಕೊಳ್ಳುವುದು ರೂಢಿ. ಒಂದು ಎಚ್ಚರಿಕೆ ಇದೆ. ಇವು ಕ್ಲಾಸಿನ ಅಂಕಿಗಳು. ನಿಮ್ಮ ಕಕ್ಷೆ ಬೇರೆ ಇದ್ದರೆ ಎಲ್ಲ ಬದಲಾಗುತ್ತದೆ. ಭೂಮಿಯ ಹಗಲು-ರಾತ್ರಿ ಕೂಡುವ ಮುಂಜಾನೆ-ಸಂಜೆಯ ಗೆರೆ ಹಿಡಿದು ಸುತ್ತುವ ಉಪಗ್ರಹಕ್ಕೆ ವರ್ಷದ ಬಹುಪಾಲು ನೆರಳೇ ಇರುವುದಿಲ್ಲ. 36 ಸಾವಿರ ಕಿಲೋಮೀಟರ್ ಎತ್ತರದ್ದಕ್ಕೆ ವರ್ಷದಲ್ಲಿ ಎರಡೇ ಹಂಗಾಮು ನೆರಳು, ಆದರೆ ಒಂದೊಂದು ಸಲ 70 ನಿಮಿಷದವರೆಗೆ. ಕಂಪ್ಯೂಟರಿನಲ್ಲಿ ಈ ಲೆಕ್ಕ ಹಾಕಿಟ್ಟ ನನ್ನ ಶೀಟಿನ ಅಂಕಿಗಳನ್ನು ಹಾಗೇ ಎತ್ತಿಕೊಂಡು ನಿಮ್ಮ ಕೆಲಸಕ್ಕೆ ಹಚ್ಚಬೇಡಿ.

ನೆರಳು ಅಂದಾಗೆಲ್ಲ ನನಗೆ ಮಂಗಳಯಾನ ನೆನಪಾಗುತ್ತದೆ. ಆರು ತಿಂಗಳಿಗೆ ಅಂತ ಮಾಡಿದ ನೌಕೆ. 2014ರ ಸೆಪ್ಟೆಂಬರ್ 24ಕ್ಕೆ ಮಂಗಳನ ಕಕ್ಷೆ ಸೇರಿತು. 2017ರಲ್ಲಿ ದೀರ್ಘ ಗ್ರಹಣ, ಅಂದರೆ ಬಹಳ ಹೊತ್ತಿನ ನೆರಳು, ಬರುವುದಿತ್ತು. ಅಷ್ಟು ಹೊತ್ತು ಬ್ಯಾಟರಿ ತಡೆಯುವುದಿಲ್ಲ ಅಂತ ಮುಂಚೆಯೇ ಲೆಕ್ಕ ಹಾಕಿ, ಆ ವರ್ಷದ ಜನವರಿಯಲ್ಲಿ ಉಳಿಸಿಟ್ಟ ಇಂಧನ ಉರಿಸಿ ಕಕ್ಷೆಯನ್ನೇ ಬದಲಿಸಿದರು. ಆ ಲೆಕ್ಕ ಹಾಕಿದವರಿಗೆ ಕೈ ಮುಗಿಯಬೇಕು. ನೌಕೆ ಮುಂದೆ ಐದು ವರ್ಷ ಬದುಕಿತು. 2022ರ ಏಪ್ರಿಲ್‌ನ ದೀರ್ಘ ಗ್ರಹಣದ ಹೊತ್ತಿಗೆ ಸಂಪರ್ಕ ಕಡಿಯಿತು. ನಮ್ಮ ಮೊದಲ ಉಪಗ್ರಹ ಆರ್ಯಭಟ, 1975ರದು, ಅದರಲ್ಲೂ ನಾಲ್ಕೇ ದಿನದಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಅಷ್ಟು ಕಷ್ಟಪಟ್ಟು ಕಲಿತ ವಿದ್ಯೆ ಇದು. ಇದನ್ನು ವಿಡಿಯೋ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನವನಗರ ದಾಟುವಷ್ಟರಲ್ಲಿ ಮುಗಿಸುತ್ತೇವೆ ಅಂದರೆ ನನಗೆ ಸಂಕಟ ಆಗುತ್ತದೆ. ವಿಡಿಯೋ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಶೀಟನ್ನು ಖಾಲಿಯಿಂದ ಶುರು ಮಾಡಿ ನೀವೇ ತುಂಬಿ.

ಹೋದ ಬ್ಯಾಚಿನಲ್ಲಿ ಗದಗಿನ ಒಬ್ಬರು ಇದ್ದರು. ಕಪ್ಪತಗುಡ್ಡದ ಕಡೆ ಗಾಳಿಗಿರಣಿಗಳ ಮೇಂಟೆನೆನ್ಸ್ ಅವರ ಕೆಲಸ. ಶಿಫ್ಟ್ ಮುಗಿಸಿ ಬಂದು, ಯೂನಿಫಾರ್ಮ್ ಅಂಗಿಯಲ್ಲೇ ಕ್ಲಾಸಿಗೆ ಕೂರುತ್ತಿದ್ದರು. ಅವರೂ ಬ್ಯಾಟರಿ ದೊಡ್ಡದು ಮಾಡೋಣ ಅಂದವರೇ. ನಾನು ವಾದ ಮಾಡಲಿಲ್ಲ. ಸ್ಕ್ರೀನ್ ಶೇರ್ ಮಾಡಿ, ನೀವೇ ಬದಲಿಸಿ ಅಂದೆ. ಬ್ಯಾಟರಿಯ ಖಾನೆಯಲ್ಲಿ 20 ಅಳಿಸಿ 40 ಬರೆದರು. ಕೆಳಗೆ ಕೆಂಪು ಅಕ್ಷರದಲ್ಲಿ ಮೈನಸ್ 1.25 ಹಾಗೇ ಇತ್ತು. 80 ಮಾಡಿದರು. ಕದಲಲಿಲ್ಲ. 200 ಮಾಡಿದರು. ಕರ್ಸರ್ ಆ ಕೆಂಪು ಅಂಕಿಯ ಸುತ್ತ ಸುಮ್ನೆ ಓಡಾಡುತ್ತಿತ್ತು. ಹಿಂದೆ ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಮೆಲ್ಲಗೆ ಅಂದರು, "ಮೇಡಂ, ಈ ಖಾನೇದಾಗ ಬ್ಯಾಟರಿ ಹೆಸರೇ ಇಲ್ಲಲ್ರೀ."

ಇಲ್ಲ. ಬಂದದ್ದು, ಹೋದದ್ದು, ಎರಡೇ ಇರುವುದು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮಾತು ಮುಂದುವರಿಸಿದರು. "ನಮ್ಮ ಗಿರಣಿ ಗಾಳಿ ಯಾವ ಕಡೆ ಐತಿ ಆ ಕಡೆ ಮಾರಿ ತಿರುಗಸ್ತದರೀ. ಇದು ಯಾಕ ಬಿಸಿಲಿನ ಕಡೆ ತಿರುಗಂಗಿಲ್ಲ? ಫೋಟೋ ತೆಗಿಯೂದು ಹತ್ತೇ ನಿಮಿಷ ಅಲ್ರೀ, ಉಳಿದ ಹೊತ್ತು ಭೂಮಿ ಯಾಕ ನೋಡಬೇಕು?"

ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಇದೇ ವಿನ್ಯಾಸ. ಕೆಲಸದಲ್ಲಿ ಇರುವವರಿಗೆ ಕಲಿಸುವುದು ನನಗೆ ಇಷ್ಟ ಯಾಕೆ ಅಂದರೆ ಇದಕ್ಕೇ. ಕಾಲೇಜಿನಿಂದ ನೇರ ಬಂದವರು ಸೂತ್ರ ಬೇಗ ಹಿಡಿಯುತ್ತಾರೆ. ಆದರೆ ಗಾಳಿ ಬೀಸದ ದಿನ ಹೇಗಿರುತ್ತದೆ ಅಂತ ಇವರು ಕಂಡಿದ್ದಾರೆ.

ತಿರುಗಿಸಿ ಲೆಕ್ಕ ಹಾಕಿದೆವು. ಸರಾಸರಿ 6.5 ಇದ್ದದ್ದು 9 ವ್ಯಾಟ್ ಅಂತ ಹಿಡಿದೆವು. ಸೋರಿಕೆ ಕಳೆದು ಸುತ್ತಿಗೆ 7.5 ವ್ಯಾಟ್-ಅವರ್ ಕೈಗೆ ಬಂತು. ಉಪಗ್ರಹವನ್ನು ತಿರುಗಿಸುವ ಚಕ್ರಗಳಿಗೂ ಕರೆಂಟ್ ಬೇಕು, ಅದಕ್ಕೆ ಅರ್ಧ ವ್ಯಾಟ್-ಅವರ್ ಇಟ್ಟೆವು. ಉಳಿದದ್ದು 0.35. ಇದು ಸಾಲದು, ಮಾರ್ಜಿನ್ ಇನ್ನೂ ಬೇಕು ಅಂದೆ. ಆಗ ಹಾವೇರಿಯ ಉಪನ್ಯಾಸಕಿ ಕೇಳಿದರು, ಉಪಗ್ರಹದ ಮಾತು ಕೇಳುವ ನಮ್ಮ ಆ್ಯಂಟೆನಾ ಇರುವುದು ಧಾರವಾಡದಲ್ಲಿ ಒಂದೇ ಅಲ್ವಾ, ಪ್ರತಿ ಸುತ್ತಿನಲ್ಲೂ ಟ್ರಾನ್ಸ್‌ಮಿಟರ್ ಯಾಕೆ ಹಚ್ಚುತ್ತಿದ್ದೇವೆ ಅಂತ. ಸರಿಯಾದ ಮಾತು. ಧ್ರುವಗಳ ಮೇಲೆ ಹಾದು ಸುತ್ತುವ ಇಂಥ ಉಪಗ್ರಹ ನಮ್ಮ ತಲೆ ಮೇಲೆ ದಿನಕ್ಕೆ ನಾಲ್ಕು ಸಲದ ಆಸುಪಾಸು ಹಾಯುತ್ತದೆ. ಉಳಿದ ಹನ್ನೊಂದು ಸುತ್ತು ಯಾರೂ ಕೇಳದ ಕಡೆ ಮಾತಾಡುತ್ತಿತ್ತು. ಅದನ್ನು ಬಂದ್ ಮಾಡಿದ್ದಕ್ಕೆ ಸರಾಸರಿ ಸುತ್ತಿಗೆ ಮುಕ್ಕಾಲು ವ್ಯಾಟ್-ಅವರ್ ಉಳಿಯಿತು. ಬ್ಯಾಟರಿ 20ರಲ್ಲೇ ಇತ್ತು.

ಆ ರಾತ್ರಿ ಕ್ಲಾಸು ಹತ್ತಕ್ಕೆ ಮುಗಿಯಲಿಲ್ಲ, ಹನ್ನೊಂದು ದಾಟಿತು. ಬೆಳಿಗ್ಗೆ ಎದ್ದು ನೋಡಿದರೆ ಗದಗಿನವರಿಂದ ಹೊಸ ಶೀಟ್ ಬಂದಿತ್ತು, 1 ಗಂಟೆ 40 ನಿಮಿಷಕ್ಕೆ ಕಳಿಸಿದ್ದರು. ಕೊನೆಯ ಖಾನೆಯಲ್ಲಿ ಹಸಿರು ಅಕ್ಷರದಲ್ಲಿ 1.1. ಅದರ ಪಕ್ಕ ಅವರೇ ಒಂದು ಹೊಸ ಖಾನೆ ಸೇರಿಸಿ ಖಾಲಿ ಬಿಟ್ಟಿದ್ದರು. ಮೇಲೆ ಬರೆದಿದ್ದರು: "ಮೂರು ವರ್ಷ ಆದಮ್ಯಾಲೆ ಪ್ಯಾನೆಲ್ ಎಷ್ಟು ಕೊಡತದರೀ?"