ಯಾರು ಮುಂದಿದ್ದಾರೆ ಅನ್ನೋದೇ ಸುದ್ದಿಯಾದಾಗ

1992ರ ಅಕ್ಟೋಬರ್ 15. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್. ಅಧ್ಯಕ್ಷ ಜಾರ್ಜ್ ಬುಷ್, ಬಿಲ್ ಕ್ಲಿಂಟನ್, ಪಕ್ಷೇತರ ರಾಸ್ ಪೆರೋ, ಹೀಗೆ ಅಧ್ಯಕ್ಷ ಚುನಾವಣೆಯ ಮೂವರೂ ಅಭ್ಯರ್ಥಿಗಳು ಎತ್ತರದ ಸ್ಟೂಲುಗಳ ಮೇಲೆ ಕೂತಿದ್ದಾರೆ. ಸುತ್ತ ಇನ್ನೂರಕ್ಕೂ ಹೆಚ್ಚು ಜನ. ಯಾರಿಗೆ ಓಟು ಹಾಕಬೇಕು ಅಂತ ಇನ್ನೂ ತೀರ್ಮಾನ ಮಾಡದವರನ್ನೇ ಹುಡುಕಿ ಕರೆಸಿದ್ದರು. ಅಧ್ಯಕ್ಷೀಯ ಚರ್ಚೆಯಲ್ಲಿ ಪತ್ರಕರ್ತರ ಬದಲು ಸಾಮಾನ್ಯ ಮತದಾರರು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಒಬ್ಬರು ಎದ್ದು, ಎದುರಾಳಿಯ ಗುಣನಡತೆಯನ್ನು ಹೀಗಳೆಯುವುದಕ್ಕೇ ನೀವು ಇಷ್ಟೊಂದು ಹೊತ್ತು ಕಳೆಯುತ್ತಿರುವುದು ನೋಡಿದರೆ ಬೇಸರವಾಗುತ್ತದೆ ಅಂದರು. ಆಮೇಲೆ ಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟಿದ್ದ ಒಬ್ಬರು ಎದ್ದು ನಿಂತರು. ಸಂಸಾರದ ಜಗಳಗಳಲ್ಲಿ ರಾಜಿ ಮಾಡಿಸುವುದು, ತಂದೆ ತಾಯಿಯ ಹಟಕ್ಕಿಂತ ಮಕ್ಕಳ ಅಗತ್ಯ ನೋಡುವುದು ಅವರ ಕೆಲಸ. ಒಂದು ರೀತಿಯಲ್ಲಿ ನಾವೆಲ್ಲ ಮುಂದಿನ ಅಧ್ಯಕ್ಷರ ಮಕ್ಕಳಿದ್ದ ಹಾಗೆ, ನಮ್ಮ ಅಗತ್ಯಗಳನ್ನು ನೀವು ನೋಡ್ತೀರಿ ಅಂತ ಹೇಗೆ ನಂಬೋದು ಅಂತ ಕೇಳಿದರು.

ಅಮೆರಿಕದ ಮತದಾರರ ಬೇಸರದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಸಭೆ ನೆನಪಾಗುತ್ತದೆ. ಅಲ್ಲಿದ್ದವರು ರಾಜಕೀಯದ ಗೊಡವೆಯೇ ಬೇಡ ಅಂದವರಲ್ಲ. ಬೇಕು ಅನ್ನುವವರೇ, ದಣಿದಿದ್ದರು. ಅವರು ಯಾಕೆ ದಣಿದರು ಅನ್ನೋದಕ್ಕೆ ಸಂಶೋಧಕರು ಹಲವು ದಶಕಗಳಿಂದ ಉತ್ತರ ಹುಡುಕುತ್ತಿದ್ದಾರೆ. ಎಣಿಕೆ ಮಾಡಿದ್ದಾರೆ, ಪ್ರಯೋಗ ಮಾಡಿದ್ದಾರೆ.

ಮೊದಲು ಒಂದು ಎಣಿಕೆ. ಟೀವಿಯವರು ಮೈಕ್ ಹಿಡಿದು ‘ಒಂದು ಬೈಟ್ ಕೊಡಿ ಸಾರ್’ ಅನ್ನುತ್ತಾರಲ್ಲ, ಆ ಬೈಟ್‌ನ ಉದ್ದ. 1968ರಲ್ಲಿ ಅಮೆರಿಕದ ಸಂಜೆ ವಾರ್ತೆಯಲ್ಲಿ ಅಭ್ಯರ್ಥಿಯೊಬ್ಬರು ತಮ್ಮದೇ ದನಿಯಲ್ಲಿ, ನಡುವೆ ಕತ್ತರಿ ಬೀಳದೆ ಮಾತಾಡುತ್ತಿದ್ದ ಸರಾಸರಿ ಹೊತ್ತು ಸುಮಾರು 43 ಸೆಕೆಂಡು. 1988ಕ್ಕೆ ಅದು ಸುಮಾರು 9 ಸೆಕೆಂಡಿಗೆ ಇಳಿದಿತ್ತು. ಡೇನಿಯಲ್ ಹ್ಯಾಲಿನ್ ಅನ್ನುವ ಸಂಶೋಧಕರು ಹಳೆಯ ಟೇಪುಗಳನ್ನು ಅಳೆದು ಇದನ್ನು ತೋರಿಸಿದರು. ಇದರ ಅರ್ಥ ತಿಳಿಯಬೇಕಾದರೆ ಗಡಿಯಾರ ಎದುರಿಗಿಟ್ಟುಕೊಂಡು ಈ ಪ್ಯಾರಾವನ್ನೇ ಗಟ್ಟಿಯಾಗಿ ಓದಿ ನೋಡಿ. 43 ಸೆಕೆಂಡಿನಲ್ಲಿ ಒಂದು ಯೋಜನೆ ಏನು, ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳಿ ಮುಗಿಸಬಹುದು. 9 ಸೆಕೆಂಡಿನಲ್ಲಿ ಒಂದೆರಡು ವಾಕ್ಯ ಅಷ್ಟೇ. ಆ ಒಂದೆರಡು ವಾಕ್ಯದಲ್ಲಿ ಟೀವಿಯಲ್ಲಿ ಬರುವಂಥದ್ದು ಏನಾದರೂ ಹೇಳಬೇಕು ಅಂದರೆ ಎದುರಾಳಿಗೆ ಒಂದು ಚುಚ್ಚುಮಾತು ಬಿಟ್ಟು ಇನ್ನೇನು ಹೇಳಲು ಸಾಧ್ಯ? ಉಳಿದ ಹೊತ್ತೆಲ್ಲ ವರದಿಗಾರರದ್ದು. ಅವರು ಹೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ವಿಷಯ: ಯಾರು ಮುಂದೆ, ಯಾರು ಹಿಂದೆ, ಯಾಕೆ.

ಈ ರೀತಿಯ ವರದಿಗೆ ಅಮೆರಿಕದ ಪತ್ರಿಕಾಲೋಕದಲ್ಲಿ ‘ಹಾರ್ಸ್ ರೇಸ್’ ಅಂತಲೇ ಹೆಸರು. ಹಾರ್ವರ್ಡ್ ವಿಶ್ವವಿದ್ಯಾಲಯದ ಥಾಮಸ್ ಪ್ಯಾಟರ್ಸನ್ ಬಹಳ ವರ್ಷಗಳಿಂದ ಇದನ್ನು ಲೆಕ್ಕ ಹಾಕುತ್ತಾ ಬಂದಿದ್ದಾರೆ. 2016ರಲ್ಲಿ ಡೊನಾಲ್ಡ್ ಟ್ರಂಪ್ ಮತ್ತು ಹಿಲರಿ ಕ್ಲಿಂಟನ್ ನಡುವಿನ ಚುನಾವಣೆಯ ವರದಿಗಳನ್ನು ಅವರ ತಂಡ ವಿಂಗಡಿಸಿದಾಗ, ಶೇ. 42ರಷ್ಟು ಈ ಕುದುರೆ ರೇಸಿನದ್ದೇ. ಆರೋಗ್ಯ, ತೆರಿಗೆ, ವಲಸೆ, ವಿದೇಶಾಂಗದಂಥ ನೀತಿಗಳ ಬಗ್ಗೆ ಬಂದದ್ದು ಶೇ. 10. ಇಬ್ಬರ ಬಗ್ಗೆಯೂ ಬಂದ ವರದಿಯ ಧಾಟಿ ಹೆಚ್ಚಾಗಿ ಕೆಟ್ಟದ್ದೇ ಆಗಿತ್ತು. ಟ್ರಂಪ್ ಬಗ್ಗೆ ಶೇ. 77, ಕ್ಲಿಂಟನ್ ಬಗ್ಗೆ ಶೇ. 64. ದಿನವೂ ಇದನ್ನೇ ನೋಡುವವರಿಗೆ ಇಬ್ಬರೂ ಲಾಯಕ್ಕಿಲ್ಲ ಅನ್ನಿಸಿದರೆ ಅದು ಅವರ ತಪ್ಪಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಾಜಕೀಯದ ಮೇಲೆ ಮೊದಲೇ ನಂಬಿಕೆ ಕಳೆದುಕೊಂಡವರು ಇಂಥ ಸುದ್ದಿ ನೋಡುತ್ತಾರೋ, ಇಂಥ ಸುದ್ದಿ ನೋಡಿ ನಂಬಿಕೆ ಕಳೆದುಕೊಳ್ಳುತ್ತಾರೋ? ಎಣಿಕೆಯಿಂದ ಇದು ಗೊತ್ತಾಗುವುದಿಲ್ಲ, ಪ್ರಯೋಗ ಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ಕಪೆಲ್ಲಾ ಮತ್ತು ಕ್ಯಾಥ್ಲೀನ್ ಹಾಲ್ ಜೇಮಿಸನ್ 1990ರ ದಶಕದಲ್ಲಿ ಅದನ್ನು ಮಾಡಿದರು. ಫಿಲಡೆಲ್ಫಿಯಾ ನಗರದ 1991ರ ಮೇಯರ್ ಚುನಾವಣೆಯ ಸುದ್ದಿಗಳನ್ನು ತೆಗೆದುಕೊಂಡು ಎರಡು ಬಗೆಯಲ್ಲಿ ಬರೆಸಿದರು. ಒಂದು ಗುಂಪಿಗೆ, ಸಮಸ್ಯೆ ಏನು, ಅಭ್ಯರ್ಥಿ ಏನು ಹೇಳುತ್ತಾರೆ ಅನ್ನುವ ಸುದ್ದಿ. ಇನ್ನೊಂದು ಗುಂಪಿಗೆ, ಅಭ್ಯರ್ಥಿ ಇದನ್ನು ಹೇಳಿದ್ದು ಯಾವ ಲೆಕ್ಕಾಚಾರದಿಂದ ಅನ್ನುವ ಸುದ್ದಿ. ಕೆಲವು ದಿನ ಓದಿಸಿ ಆಮೇಲೆ ಪ್ರಶ್ನೆ ಕೇಳಿದಾಗ, ಎರಡನೇ ಗುಂಪಿನಲ್ಲಿ ಸಿನಿಕತನ ಜಾಸ್ತಿಯಾಗಿತ್ತು.

ಯಾಕೆ ಅಂತ ಒಂದು ಸಣ್ಣ ಉದಾಹರಣೆಯಿಂದ ನೋಡೋಣ. ಇದು ನಾನೇ ಕಟ್ಟಿದ್ದು. ‘ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೆಲೆ ಇಳಿಸುವುದಾಗಿ ಅಭ್ಯರ್ಥಿ ಹೇಳಿದ್ದಾರೆ. ಖರ್ಚನ್ನು ಸರ್ಕಾರ ಮತ್ತು ವಿಮಾ ಕಂಪನಿಗಳು ಹಂಚಿಕೊಳ್ಳಬೇಕಾಗುತ್ತದೆ.’ ಇದು ಒಂದು ಬಗೆ. ‘ಪೆನ್ಸಿಲ್ವೇನಿಯಾದಲ್ಲಿ ಹಿಂದೆ ಬಿದ್ದಿರುವ ಅಭ್ಯರ್ಥಿ, ಹಿರಿಯರ ಓಟಿಗೆ ಗಾಳ ಹಾಕಲು ಇನ್ಸುಲಿನ್ ಬೆಲೆ ಇಳಿಸುವ ಮಾತಾಡಿದ್ದಾರೆ.’ ಇದು ಇನ್ನೊಂದು. ಎರಡರಲ್ಲೂ ಸುಳ್ಳಿಲ್ಲ. ಮೊದಲನೆಯದನ್ನು ಓದಿದವರು, ಇದು ನಡೆಯುತ್ತಾ, ನಮ್ಮ ಅಪ್ಪನಿಗೆ ಅನುಕೂಲ ಆಗುತ್ತಾ ಅಂತ ಯೋಚಿಸುತ್ತಾರೆ. ಎರಡನೆಯದನ್ನು ಓದಿದವರಿಗೆ ಮನಸ್ಸಿನಲ್ಲಿ ಉಳಿಯುವುದು ‘ಗಾಳ’ ಮಾತ್ರ. ತಾನು ಆ ಗಾಳಕ್ಕೆ ಬೀಳಬೇಕಾದ ಮೀನು ಅನ್ನೋದೂ ಅವರಿಗೆ ಗೊತ್ತಾಗುತ್ತದೆ. ಇಂಥದ್ದನ್ನು ಒಂದೂವರೆ ವರ್ಷ, ದಿನಕ್ಕೆ ಹತ್ತು ಸಲ ಓದಿದರೆ ಯಾವ ಒಳ್ಳೆಯ ಮಾತೂ ಒಳ್ಳೆಯ ಮಾತಾಗಿ ಕಿವಿಗೆ ಬೀಳುವುದಿಲ್ಲ.

ಇದಕ್ಕೆ ಮಾಧ್ಯಮದವರನ್ನು ಮಾತ್ರ ಬೈದು ಸುಮ್ನೆ ಕೂರುವ ಹಾಗೂ ಇಲ್ಲ. ಕಾರಣಗಳಲ್ಲಿ ಒಂದು, ಕೆಲಸದ ಸ್ವರೂಪವೇ ಹಾಗಿದೆ. ಅಭ್ಯರ್ಥಿಯ ಆರೋಗ್ಯ ಯೋಜನೆ ಪ್ರಕಟವಾದ ದಿನ ಮಾತ್ರ ಸುದ್ದಿ. ಮಾರನೇ ದಿನಕ್ಕೆ ಅದು ಹಳೆಯದು. ಸಮೀಕ್ಷೆಯ ಅಂಕಿ ಹಾಗಲ್ಲ, ದಿನವೂ ಹೊಸದಾಗಿ ಬರುತ್ತದೆ. ಇನ್ನೊಂದು ಕಾರಣ ದುಡ್ಡು. 2016ರ ಫೆಬ್ರವರಿಯಲ್ಲಿ ಟೀವಿ ಕಂಪನಿ ಸಿಬಿಎಸ್‌ನ ಮುಖ್ಯಸ್ಥ ಲೆಸ್ ಮೂನ್ವೆಸ್, ಈ ಚುನಾವಣೆ ಅಮೆರಿಕಕ್ಕೆ ಒಳ್ಳೆಯದಲ್ಲದಿರಬಹುದು, ಸಿಬಿಎಸ್‌ಗೆ ಮಾತ್ರ ಭಾರೀ ಒಳ್ಳೆಯದು ಅಂತ ಹೂಡಿಕೆದಾರರ ಮುಂದೆ ಹೇಳಿದ್ದರು.

ಮೂರನೆಯ ಕಾರಣ ನಾವೇ, ಅಂದರೆ ನೋಡುವವರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಟ್ರಸ್ಲರ್ ಮತ್ತು ಸ್ಟುವರ್ಟ್ ಸೊರೋಕಾ ಒಂದು ಪ್ರಯೋಗ ಮಾಡಿದರು. ಬಂದವರಿಗೆ, ಇದು ಕಣ್ಣಿನ ಚಲನೆ ಅಳೆಯುವ ಪ್ರಯೋಗ, ಮೊದಲು ನಿಮಗಿಷ್ಟವಾದ ರಾಜಕೀಯ ಸುದ್ದಿ ಆರಿಸಿ ಓದ್ತಾ ಇರಿ ಅಂದರು. ನಿಜವಾಗಿ ನೋಡುತ್ತಿದ್ದದ್ದು ಅವರು ಏನನ್ನು ಆರಿಸುತ್ತಾರೆ ಅನ್ನುವುದನ್ನು. ಹೆಚ್ಚು ಜನ ಆರಿಸಿದ್ದು ಕೆಟ್ಟ ಸುದ್ದಿ, ತಂತ್ರಗಾರಿಕೆಯ ಸುದ್ದಿ. ಆಮೇಲೆ ಕೇಳಿದರೆ, ಮಾಧ್ಯಮದಲ್ಲಿ ಬರೀ ಕೆಟ್ಟದ್ದೇ ಬರುತ್ತದೆ, ನಮಗೆ ಒಳ್ಳೆಯ ಸುದ್ದಿ ಇಷ್ಟ ಅಂದರು. ಅವರು ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ರಸ್ತೆಯಲ್ಲಿ ಅಪಘಾತ ಆಗಿದ್ದರೆ ಎಲ್ಲರೂ ತಿರುಗಿ ನೋಡುತ್ತೇವೆ. ಹಾಗಂತ ಅಪಘಾತ ಬೇಕು ಅಂತ ಯಾರೂ ಬಯಸುವುದಿಲ್ಲ, ಅಲ್ವಾ?

ಇತ್ತೀಚಿನ ವರ್ಷಗಳಲ್ಲಿ ಈ ರೇಸಿಗೆ ಇನ್ನೊಂದು ಹೊಸ ಅಂಕಿ ಸೇರಿಕೊಂಡಿದೆ: ಗೆಲ್ಲುವ ಸಾಧ್ಯತೆ. 2016ರ ಮತದಾನದ ಹೊತ್ತಿಗೆ ಕ್ಲಿಂಟನ್ ಗೆಲ್ಲುವ ಸಾಧ್ಯತೆ, ಚುನಾವಣೆಯ ಲೆಕ್ಕ ಹಾಕುವ ವೆಬ್‌ಸೈಟ್ ಫೈವ್‌ಥರ್ಟಿಎಯ್ಟ್ ಪ್ರಕಾರ ಶೇ. 71, ನ್ಯೂಯಾರ್ಕ್ ಟೈಮ್ಸ್ ಪ್ರಕಾರ ಶೇ. 85, ಹಫಿಂಗ್ಟನ್ ಪೋಸ್ಟ್ ಪ್ರಕಾರ ಶೇ. 98. ಶೇ. 71 ಅಂದರೆ ಏನು? ಲೂಡೋ ದಾಳ ಹಾಕಿದಾಗ ಒಂದು ಅಥವಾ ಎರಡು ಬೀಳದೇ ಇರುವ ಸಾಧ್ಯತೆ ಸುಮಾರು ಶೇ. 67. ಹೆಚ್ಚುಕಡಿಮೆ ಅಷ್ಟೇ ಇದು. ಒಂದೋ ಎರಡೋ ಬಿದ್ದರೆ ಯಾರಾದರೂ ಬೆಚ್ಚಿಬೀಳುತ್ತಾರಾ? ಆದರೆ ಪರ್ಸೆಂಟ್ ಗುರುತು ಕಂಡ ಕೂಡಲೇ ಬಹಳ ಜನರ ಮನಸ್ಸು ಅದನ್ನು ಓಟಿನ ಪಾಲು ಅಂತಲೇ ಓದುತ್ತದೆ. ನೂರಕ್ಕೆ 71 ಓಟು ಬಂದರೆ ಅದು ಭಾರೀ ಗೆಲುವು. ನೂರಕ್ಕೆ 71 ಸಾಧ್ಯತೆ ಅಂದರೆ ಸೋಲೂ ಪಕ್ಕದಲ್ಲೇ ಇದೆ ಅಂತ.

ಶಾನ್ ವೆಸ್ಟ್‌ವುಡ್, ಸಾಲೊಮನ್ ಮೆಸ್ಸಿಂಗ್, ಇಫ್ಟಾಕ್ ಲೆಲ್ಕೆಸ್ ಈ ಗೊಂದಲವನ್ನು ಪರೀಕ್ಷೆ ಮಾಡಿದರು. ಸಾಧ್ಯತೆಯ ಅಂಕಿ ತೋರಿಸಿದಾಗ, ಮುಂದಿರುವವರು ಗೆದ್ದೇಬಿಟ್ಟರು ಅಂತ ಜನ ಜಾಸ್ತಿ ನಂಬಿದರು. ಓಟು ಹಾಕಲು ಸ್ವಲ್ಪ ದುಡ್ಡು ಕೊಡಬೇಕಾದ ಒಂದು ಆಟವನ್ನು ಆಡಿಸಿದರು. ಅದರಲ್ಲಿ ಫಲಿತಾಂಶ ಖಚಿತ ಅನ್ನಿಸಿದಾಗ ಓಟು ಹಾಕುವವರು ಕಡಿಮೆಯಾದರು. ನನ್ನದೊಂದು ಓಟಿನಿಂದ ಏನಾಗಬೇಕು ಅನ್ನುವ ಆ ಹಳೆಯ ಮಾತು ಪ್ರಯೋಗಾಲಯದಲ್ಲೇ ಕಣ್ಣಿಗೆ ಕಂಡಿತು. ಅಮೆರಿಕದಲ್ಲಿ ದೇಶದ ಒಟ್ಟು ಓಟಲ್ಲ, ಒಂದೊಂದು ರಾಜ್ಯದ ಗೆಲುವು ಸೇರಿ ಅಧ್ಯಕ್ಷರು ಯಾರು ಅಂತ ತೀರ್ಮಾನವಾಗುತ್ತದೆ. 2016ರಲ್ಲಿ ಟ್ರಂಪ್ ಅಧ್ಯಕ್ಷರಾದದ್ದು ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ರಾಜ್ಯ ಸೇರಿ 80 ಸಾವಿರಕ್ಕೂ ಕಡಿಮೆ ಓಟುಗಳ ಅಂತರದಿಂದ. ಓಟಿನ ಹಕ್ಕಿದ್ದೂ ಮನೆಯಲ್ಲೇ ಉಳಿದವರು ದೇಶದಲ್ಲಿ 9 ಕೋಟಿಗೂ ಹೆಚ್ಚು.

ಮತದಾನದ ದಿನವೂ ಹೀಗೇ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಪಶ್ಚಿಮ ಭಾಗದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ಮತಗಟ್ಟೆ ಇನ್ನೂ ತೆರೆದಿತ್ತು. ಅಷ್ಟರಲ್ಲೇ ಚಾನೆಲ್‌ಗಳು ಅಲ್ ಗೋರ್ ಗೆದ್ದರು ಅಂದುಬಿಟ್ಟವು. ಆಮೇಲೆ ಮಾತು ಹಿಂದಕ್ಕೆ ಪಡೆದವು. ನಡುರಾತ್ರಿ ಕಳೆದು, ರಿಚ್ಮಂಡ್ ಸಭೆಯಲ್ಲಿದ್ದ ಬುಷ್ ಅವರ ಮಗ ಜಾರ್ಜ್ ಡಬ್ಲ್ಯೂ. ಬುಷ್ ಗೆದ್ದರು ಅಂದವು. ಬೆಳಗಾಗುವ ಮೊದಲು ಅದನ್ನೂ ಹಿಂದಕ್ಕೆ ಪಡೆದವು. ಕೊನೆಗೆ ಅಂತರ 537 ಓಟು. ನಮ್ಮಲ್ಲಿ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ಹಾಕಬಾರದು ಅಂತ ಕಾನೂನಿದೆ. ಅಮೆರಿಕದಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಇರುವ ಸಂವಿಧಾನದ ರಕ್ಷಣೆಯಿಂದಾಗಿ ಅಂಥ ನಿಷೇಧ ಕಷ್ಟ. ಎಲ್ಲವೂ ಚಾನೆಲ್‌ಗಳ ಸಂಯಮದ ಮೇಲೆ ನಿಂತಿದೆ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬೇಸರವಾದವರೆಲ್ಲ ಓಟು ಬಿಡುವುದಿಲ್ಲ. 2020ರಲ್ಲಿ ಅರ್ಹ ಮತದಾರರಲ್ಲಿ ಸುಮಾರು ಶೇ. 66 ಜನ ಓಟು ಹಾಕಿದರು. ಅಷ್ಟು ದೊಡ್ಡ ಪ್ರಮಾಣ ಕಂಡು ನೂರು ವರ್ಷದ ಮೇಲಾಗಿತ್ತು. ಕೆಸರೆರಚುವ ಜಾಹೀರಾತುಗಳ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರಿಗೂ, ಅವು ಮತದಾನ ತಗ್ಗಿಸುತ್ತವೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಸಿಕ್ಕಿದ್ದು, ಅವು ಸರ್ಕಾರದ ಮೇಲಿನ ನಂಬಿಕೆಯನ್ನು ತುಸು ಸವೆಸುತ್ತವೆ ಅನ್ನೋದಕ್ಕೆ. ನಂಬಿಕೆ ಕುಸಿದದ್ದಕ್ಕೆ ವಿಯೆಟ್ನಾಂ ಯುದ್ಧ, ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡಬೇಕಾಗಿ ಬಂದ ಹಗರಣ ವಾಟರ್‌ಗೇಟ್‌ನಂಥ ನಿಜವಾದ ಕಾರಣಗಳೂ ಇದ್ದವು. ಮಾಧ್ಯಮದ ಮೇಲಿನ ನಂಬಿಕೆಯೂ ಉಳಿದಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ 1976ರಲ್ಲಿ ಶೇ. 72 ಇದ್ದದ್ದು 2024ಕ್ಕೆ ಶೇ. 31. ಜನ ಕೋಪದಿಂದ, ಭಯದಿಂದ ಸಾಲಿನಲ್ಲಿ ನಿಂತು ಓಟು ಹಾಕಿ ಬರುತ್ತಾರೆ. ಅದರಿಂದ ಏನಾದರೂ ಒಳ್ಳೆಯದಾದೀತು ಅನ್ನುವ ಭರವಸೆ ಮಾತ್ರ ಇರುವುದಿಲ್ಲ. ನನಗೆ ಹೆಚ್ಚು ನೋವಾಗುವುದು ಇದಕ್ಕೇ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ರಿಚ್ಮಂಡ್ ಸಭೆ ನಡೆದ ಅದೇ 1992ರಲ್ಲಿ, ಪಕ್ಕದ ನಾರ್ತ್ ಕ್ಯಾರೊಲೈನಾದ ‘ಷಾರ್ಲಟ್ ಅಬ್ಸರ್ವರ್’ ಪತ್ರಿಕೆ ಸಮೀಕ್ಷೆಯ ದಿಕ್ಕನ್ನೇ ತಿರುಗಿಸಿತು. ಯಾರಿಗೆ ಓಟು ಹಾಕ್ತೀರಿ ಅನ್ನುವ ಬದಲು, ನಿಮಗೆ ಯಾವ ವಿಷಯ ಮುಖ್ಯ ಅಂತ ಓದುಗರನ್ನು ಕೇಳಿತು. ಬಂದ ಉತ್ತರಗಳಿಂದ ಪ್ರಶ್ನೆಗಳನ್ನು ಮಾಡಿ ಅಭ್ಯರ್ಥಿಗಳಿಗೆ ಕಳಿಸಿತು. ಸೆನೆಟ್ ಸ್ಥಾನಕ್ಕೆ ಮತ್ತೆ ನಿಂತಿದ್ದ ಟೆರಿ ಸ್ಯಾನ್‌ಫರ್ಡ್, ಪರಿಸರದ ವಿಷಯ ಈಗ ಬೇಡ, ಮುಂದೆ ಮಾತಾಡುತ್ತೇನೆ ಅಂದರು. ಸಂಪಾದಕ ರಿಚ್ ಓಪೆಲ್ ಜಗಳ ಮಾಡಲಿಲ್ಲ. ಪ್ರಶ್ನೆ ಅಚ್ಚು ಹಾಕಿ ನಿಮ್ಮ ಹೆಸರಿನ ಕೆಳಗೆ ಜಾಗ ಬಿಡುತ್ತೇವೆ, ನೀವು ಉತ್ತರ ಕೊಡದಿದ್ದರೆ ಅದು ಖಾಲಿಯೇ ಇರುತ್ತದೆ ಅಂತ ತಿಳಿಸಿದರು.

ಸುಮಾರು ಹತ್ತು ದಿನಕ್ಕೆ ಉತ್ತರ ಬಂತು.